ಎಳೆ ಜೋಳ, ಔಡಲ, ಕಣಗಿಲೆ: ಮೇಯಲು ಬಿಟ್ಟ ದನ-ಕುರಿಗಳನ್ನು ವಿಷದಿಂದ ಕಾಯುವ ಬಗೆ

ವಿಷದ ಗಿಡ ಅಂದರೆ ನಮ್ಮ ಮಂದಿಗೆ ಮೊದಲು ನೆನಪಾಗುವುದು ಎಕ್ಕಿ, ಉಮ್ಮತ್ತಿ, ಬೇಲಿಯ ಕಳ್ಳಿ. ಆದರೆ ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಅರ್ಧ ತಾಸಿನೊಳಗೆ ಎತ್ತನ್ನು ಕೆಡವಬಲ್ಲ ಗಿಡ ಜೋಳ. ದಿನಾ ರೊಟ್ಟಿ ಬಡಿದು ಉಣ್ಣುವ ಅದೇ ಜೋಳ. ಎಕ್ಕಿಯ ಹತ್ತಿರ ಹೋದ ದನ ಮೂಸಿ ನೋಡಿ ಮುಂದೆ ಹೋಗುತ್ತದೆ. ಜೋಳದ ಎಳೆ ಸುಳಿ ಕಂಡರೆ ಹಗ್ಗ ಹರಿದುಕೊಂಡು ಓಡುತ್ತದೆ. ಅದಕ್ಕೇ ಇಲ್ಲಿ ಜೋಳದ ಮಾತು ಹೆಚ್ಚು ಬರುತ್ತದೆ, ಉಳಿದ ಗಿಡಗಳ ಮಾತು ಅವುಗಳ ಅಪಾಯ ಎಷ್ಟೋ ಅಷ್ಟು.

ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ದನ-ಕರುಗಳಿಗೆ ಗಿಡದ ವಿಷ ಏರುವುದು ಹೆಚ್ಚಾಗಿ ಹಸಿದ ಹೊಟ್ಟೆ, ಕೆಟ್ಟ ಹೊತ್ತು ಎರಡೂ ಕೂಡಿದಾಗ. ಅದೇ ಹೊಲ, ಅದೇ ಬದು, ಅದೇ ಗಿಡ ಒಂದು ತಿಂಗಳು ಏನೂ ಮಾಡುವುದಿಲ್ಲ, ಇನ್ನೊಂದು ತಿಂಗಳು ಜೀವ ತೆಗೆಯುತ್ತದೆ. ಗಾಯರಾಣದಲ್ಲಿರುವ, ಅಂದರೆ ಊರಿನ ಗೋಮಾಳದಲ್ಲಿರುವ ವಿಷದ ಗಿಡಗಳನ್ನೆಲ್ಲ ಕಿತ್ತು ಹಾಕಲು ಯಾರಿಂದಲೂ ಆಗದು. ಹಸಿವು ತಡೆಯುವುದು, ಹೊತ್ತು ಅರಿಯುವುದು ಮಾತ್ರ ಪ್ರತಿ ಮನೆಯಿಂದಲೂ ಆಗುತ್ತದೆ.

ಬಿಚ್ಚುವ ಮೊದಲು ಹೊಟ್ಟೆಗೆ ಹಾಕಿ

ಬೆಳಗ್ಗೆ ದನ ಬಿಚ್ಚುವ ಮುಂಚೆ ಗ್ವಾದ್ಲಿಗೆ ಒಣ ಮೇವು ಹಾಕಿ. ಕಣಿಕೆ ಇರಲಿ, ತೊಗರಿ ಹೊಟ್ಟಿರಲಿ, ಕಡಲೆ ಹೊಟ್ಟಿರಲಿ, ದೊಡ್ಡ ದನಕ್ಕೆ ಎರಡು ಮೂರು ಕಿಲೋ ಸಾಕು. ಆಮೇಲೆ ನೀರು ಕುಡಿಸಿ ಬಿಡಿ. ಹೊಟ್ಟೆಯಲ್ಲಿ ಒಂದಿಷ್ಟು ಬಿದ್ದ ದನ ಆರಿಸಿ ತಿನ್ನುತ್ತದೆ, ಕಹಿಯಾದದ್ದನ್ನು ಬಿಡುತ್ತದೆ. ಖಾಲಿ ಹೊಟ್ಟೆಯ ದನ ಸಿಕ್ಕಿದ್ದನ್ನು ನುಂಗುತ್ತದೆ. ಇನ್ನೊಂದು ಲಾಭವೂ ಇದೆ. ಆಕಸ್ಮಿಕವಾಗಿ ವಿಷದ ಎಲೆ ಹೊಟ್ಟೆ ಸೇರಿದರೂ ಮೊದಲೇ ಇದ್ದ ಮೇವಿನೊಳಗೆ ಅದು ಹರಡಿಹೋಗಿ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಆ ಹೊತ್ತಿನಲ್ಲಿ ಡಾಕ್ಟರು ಬಂದು ಮುಟ್ಟಬಹುದು.

ಬಣವೆ ಕರಗುವ ಏಪ್ರಿಲ್‌ನಿಂದ ಜೂನ್‌ವರೆಗಿನ ದಿನಗಳು ನಮ್ಮ ಕಡೆ ಅತಿ ಕಷ್ಟದವು. ಹುಲ್ಲು ಒಣಗಿರುತ್ತದೆ, ಹಸಿರಾಗಿ ಕಾಣುವುದು ಬಳ್ಳಾರಿ ಜಾಲಿ, ಎಕ್ಕಿ, ಲಂಟಾನ, ಹಳ್ಳದ ಅಂಚಿನ ಬೇಶರಮ್ ಗಿಡ ಮಾತ್ರ. ಮುಂಗಾರಿನ ಮೊದಲ ಮಳೆ ಬಿದ್ದಾಗಲೂ ಹುಲ್ಲಿಗಿಂತ ಮುಂಚೆ ಚಿಗುರುವುದು ಕಸವೇ. ಆದ್ದರಿಂದ ಬಣವೆಯ ಒಂದು ಪಾಲನ್ನು ಜೂನ್ ಕೊನೆಯವರೆಗೆ ಮುಟ್ಟದೆ ಇಡಿ. ದರ ಬಂತೆಂದು ಕಣಿಕೆಯನ್ನೆಲ್ಲ ಮಾರ್ಚ್‌ನಲ್ಲೇ ಮಾರಿ ಕೈತೊಳೆದುಕೊಂಡ ಮನೆಯ ದನಗಳೇ ಮೇ ತಿಂಗಳಲ್ಲಿ ಬೇಲಿಗೆ ಬಾಯಿ ಹಾಕುತ್ತವೆ.

ಸಂತೆಯಿಂದ ತಂದ ಹೊಸ ದನದ ಬಗ್ಗೆ ವಿಶೇಷ ಎಚ್ಚರ ಬೇಕು. ಗಾಡಿಯಲ್ಲಿ ಹಸಿದು ಬಂದಿರುತ್ತದೆ, ನಿಮ್ಮೂರಿನ ಗಿಡಗಳ ಪರಿಚಯವೂ ಅದಕ್ಕಿಲ್ಲ. ಎರಡು ದಿನ ಮನೆಯಲ್ಲೇ ಕಟ್ಟಿ ಮೇಯಿಸಿ, ಆಮೇಲೆ ಹಳೆಯ ದನಗಳ ಜೊತೆ ಬಿಡಿ. ಊರೂರು ತಿರುಗುವ ಕುರಿ ಹಿಂಡಿಗೂ ಇದೇ ಮಾತು. ಹೊಸ ಊರಿನ ಅಡವಿಗೆ ಕುರಿ ಬಿಡುವ ಮೊದಲು ಅಲ್ಲಿಯ ಕುರಿಗಾಹಿಗಳನ್ನು ಒಂದು ಮಾತು ಕೇಳಿ. ಯಾವ ಹಳ್ಳದಲ್ಲಿ ಕುರಿ ಸತ್ತಿವೆ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಮಣ್ಣು ನೆಕ್ಕುವ, ಎಲುಬು ಕಡಿಯುವ, ಪ್ಲಾಸ್ಟಿಕ್ ಚೀಲ ಜಗಿಯುವ ದನ ಕಂಡರೆ ಅದಕ್ಕೆ ಖನಿಜ ಕಡಿಮೆಯಾಗಿದೆ ಎಂದು ತಿಳಿಯಿರಿ. ಅಂಥ ದನ ಬೇರೆಯವು ಮುಟ್ಟದ ಗಿಡವನ್ನೂ ತಿನ್ನುತ್ತದೆ. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಸ್ವಲ್ಪ ಉಪ್ಪು ಕೊಟ್ಟರೆ ಈ ಚಟ ಕೆಲವು ವಾರಗಳಲ್ಲಿ ಇಳಿಯುತ್ತದೆ.

ವರ್ಷಕ್ಕೆ ಎರಡು ಸಲ ಅಡವಿ ನೋಡಿ ಬನ್ನಿ

ಜೂನ್‌ನ ಮಳೆ ಬಿದ್ದು ವಾರದ ಮೇಲೊಂದು ಸಲ, ರಾಶಿ ಮುಗಿದು ಹೊಲಗಳಿಗೆ ದನ ಬಿಡುವ ಮುಂಚೆ ಇನ್ನೊಂದು ಸಲ, ದನ ಇಲ್ಲದೆ ಬರಿಗೈಲಿ ಮೇಯುವ ಜಾಗವನ್ನೆಲ್ಲ ಸುತ್ತಿ. ದನದ ಹಿಂದೆ ಹೋದಾಗ ನಮ್ಮ ಕಣ್ಣು ದನದ ಮೇಲಿರುತ್ತದೆ, ಗಿಡದ ಮೇಲಿರುವುದಿಲ್ಲ. ಹಳ್ಳದ ದಂಡೆ, ಕೆರೆಯಂಗಳ, ಒಡ್ಡು, ಹಾಳುಬಿದ್ದ ಮನೆಗಳ ಹಿತ್ತಲು, ಗುಡಿಯ ಸುತ್ತಲಿನ ಹೂಗಿಡ, ರಸ್ತೆ ಬದಿ, ಇವು ನೋಡಲೇಬೇಕಾದ ಜಾಗಗಳು. ಮೊಬೈಲಿನಲ್ಲಿ ಎಲೆ, ಹೂ, ಕಾಯಿ ಮೂರೂ ಕಾಣುವಂತೆ ಫೋಟೋ ತೆಗೆದು ಇಟ್ಟುಕೊಳ್ಳಿ. ಗುರುತು ಸಿಗದ ಗಿಡವನ್ನು ನಿಮ್ಮ ಪಶು ಆಸ್ಪತ್ರೆಯಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋರಿಸಿ. ದನ ಕಾಯಲು ಹೋಗುವ ಹುಡುಗರನ್ನೂ ಕರೆದುಕೊಂಡು ಹೋಗಿ ಗಿಡ ತೋರಿಸಿ. ಮನೆಯ ಯಜಮಾನನಿಗೆ ಗೊತ್ತಿದ್ದು ಕಾಯುವವನಿಗೆ ಗೊತ್ತಿಲ್ಲದಿದ್ದರೆ ಏನೂ ಬಂದಂತಾಗಲಿಲ್ಲ.

ಜೋಳ

“ಏನ್ರಿ, ಜ್ವಾಳ ತಿಂದ್ರ ದನ ಸಾಯ್ತಾವೇನು? ನಮ್ಮಪ್ಪನ ಕಾಲದಿಂದ ಜ್ವಾಳದ ಮ್ಯಾಲೇ ದನ ಸಾಕೀವಿ” ಎಂದು ಕೇಳುವವರು ಇದ್ದಾರೆ. ಕೇಳುವುದು ಸರಿಯಾಗಿಯೇ ಇದೆ. ಬಲಿತು ಒಣಗಿದ ಜೋಳದ ಕಣಿಕೆಯಷ್ಟು ಒಳ್ಳೆಯ ಮೇವು ಈ ಎರೆ ಭೂಮಿಯಲ್ಲಿ ಮತ್ತೊಂದಿಲ್ಲ. ವಿಷ ಇರುವುದು ಎಳೆಯದರಲ್ಲಿ.

ಜೋಳದ ಎಳೆ ಎಲೆಯಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ಎಲೆ ಜಗಿದು ನುರಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಆಗುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಇನ್ನೂ ಚುರುಕು ಮಾಡುತ್ತವೆ. ಅದಕ್ಕೇ ಕುದುರೆಗಿಂತ ದನ, ಎಮ್ಮೆ, ಕುರಿ, ಆಡುಗಳಿಗೆ ಇದರ ಅಪಾಯ ಹೆಚ್ಚು. ರಕ್ತ ಸೇರಿದ ಸಯನೈಡ್ ಮೈಯ ಜೀವಕೋಶಗಳು ಆಮ್ಲಜನಕ ಬಳಸಿಕೊಳ್ಳದಂತೆ ತಡೆಯುತ್ತದೆ. ದನ ಉಸಿರು ಎಳೆದುಕೊಳ್ಳುತ್ತಲೇ ಇರುತ್ತದೆ, ಎಳೆದ ಉಸಿರು ಮೈಗೆ ದಕ್ಕುವುದಿಲ್ಲ.

ಲೆಕ್ಕ ಹೀಗಿದೆ. ಒಂದು ಕಿಲೋ ಮೈತೂಕಕ್ಕೆ ಸುಮಾರು 2 ಮಿಲಿಗ್ರಾಂ ಸಯನೈಡ್ ಹೋದರೆ ಜೀವಕ್ಕೆ ಕುತ್ತು. 300 ಕಿಲೋ ತೂಗುವ ಎತ್ತಿಗೆ ಅದು 600 ಮಿಲಿಗ್ರಾಂ. ಒಂದು ಕಿಲೋ ಹಸಿ ಮೇವಿನಲ್ಲಿ 200 ಮಿಲಿಗ್ರಾಂ ಇದ್ದರೆ ಮೂರು ಕಿಲೋ ಮೇವೇ ಸಾಕಾಯಿತು. ಹಸಿದ ಎತ್ತು ಅಷ್ಟನ್ನು ಕಾಯುವವ ಒಂದು ಚಹಾ ಕುಡಿದು ಬರುವಷ್ಟರಲ್ಲಿ ತಿಂದು ಮುಗಿಸುತ್ತದೆ.

ಯಾವ ಹೊತ್ತಿನಲ್ಲಿ ಜೋಳದ ಹತ್ತಿರ ದನ ಸುಳಿಯಬಾರದು? ಬಿತ್ತಿ ಮೊಣಕಾಲೆತ್ತರ ಬರುವವರೆಗೆ ಅತಿ ಅಪಾಯ. ಹೂ ಬರುವವರೆಗೂ ನಂಬುವಂತಿಲ್ಲ. ಹೊಲದ ಅರ್ಧ ಗಿಡಗಳು ತೆನೆ ಬಿಚ್ಚಿ ಹೂವಾಡಿದ ಮೇಲೆ ಕೊಯ್ದು ಹಾಕುವುದು ಕ್ಷೇಮ. ನಮ್ಮ ಕಡೆ ಇದಕ್ಕಿಂತ ಮೋಸ ಮಾಡುವುದು ಮಳೆ ಕೈಕೊಟ್ಟು ಗಿಡ್ಡಗೆ ನಿಂತ ಬೆಳೆ. ವಯಸ್ಸು ಎರಡು ತಿಂಗಳಾಗಿದ್ದರೂ ಎತ್ತರ ಮೊಣಕಾಲಷ್ಟೇ ಇರುತ್ತದೆ, ವಿಷ ಎಳೆ ಗಿಡದಷ್ಟೇ ಅಥವಾ ಹೆಚ್ಚು. “ಹೆಂಗೂ ತೆನೆ ಬರಂಗಿಲ್ಲ, ದನಕ್ಕಾದ್ರೂ ಆಗ್ಲಿ” ಎಂದು ಒಣಗುತ್ತಿರುವ ಹೊಲಕ್ಕೆ ದನ ಹೊಡೆಯುತ್ತಾರೆ. ಬರದ ವರ್ಷ ಬೆಳೆಯ ಜೊತೆ ದನವನ್ನೂ ಕಳೆದುಕೊಳ್ಳುವುದು ಹೀಗೆ. ಬರದ ನಂತರ ಒಮ್ಮೆಲೇ ಮಳೆ ಬಂದು ಚಿಗುರೊಡೆದಾಗ ಅಪಾಯ ಇನ್ನೂ ಏರುತ್ತದೆ. ಯೂರಿಯಾ ಜಾಸ್ತಿ ಎರಚಿದ ಹೊಲ, ಸುಳಿ ನೊಣ ಬಿದ್ದು ಬುಡದಿಂದ ಮರಿ ಕವಲು ಎದ್ದ ಹೊಲ, ಸಾಲು ತೆಳುವು ಮಾಡಿ ಕಿತ್ತ ಸಸಿಗಳನ್ನು ರಾಶಿ ಹಾಕಿದ ಬದು, ಇವೂ ಅದೇ ಸಾಲಿಗೆ ಸೇರುತ್ತವೆ.

ಇನ್ನು ಕೂಳೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗಾರಿ ಬಿಳಿಜೋಳ ಕೊಯ್ದ ಹೊಲಕ್ಕೆ ಹೋಗಿ ಬುಡದ ಹತ್ತಿರ ಕೂತು ನೋಡಿ. ನಿಂತು ನೋಡಿದರೆ ಹೊಲವೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿದೆ, ಎರೆ ನೆಲ ಬಾಯಿ ಬಿಟ್ಟಿದೆ. ಕೂತಾಗ ಕಾಣುತ್ತದೆ: ಕೊಯ್ದ ದಂಟಿನ ಕೆಳಗೆ, ನೆಲಕ್ಕೆ ಅಂಟಿದ ಗೆಣ್ಣಿನಿಂದ ಮೂರು ನಾಲ್ಕು ಚಿಗುರು ಎದ್ದಿವೆ. ಬೆರಳುದ್ದ, ಕಡು ಹಸಿರು, ತುದಿ ಇನ್ನೂ ಬಿಚ್ಚದೆ ಸುತ್ತಿಕೊಂಡಿದೆ. ದನದ ಬಾಯಿಗೆ ಮೊದಲು ಬೀಳುವುದೇ ಅದು, ಏಕೆಂದರೆ ಇಡೀ ಹೊಲದಲ್ಲಿ ಹಸಿಯಾದದ್ದು ಅದೊಂದೇ. ಅಕಾಲಿಕ ಮಳೆ ಒಂದು ಬಿದ್ದರಂತೂ ನಾಲ್ಕೇ ದಿನದಲ್ಲಿ ಹೊಲ ಮತ್ತೆ ಹಸಿರಾಗುತ್ತದೆ. ಬುಡಸಮೇತ ಕಿತ್ತ ಹೊಲದಲ್ಲಿ ಈ ಕಾಟ ಕಡಿಮೆ. ಕುಡಗೋಲಿನಿಂದ ಅಥವಾ ಯಂತ್ರದಿಂದ ಕೊಯ್ದ ಹೊಲದಲ್ಲಿ ಹೆಚ್ಚು. ಕೊಯ್ಲಾದ ಹೊಲಕ್ಕೆ ದನ ಬಿಡುವ ಮುಂಚೆ ಹತ್ತು ಕಡೆ ಬುಡ ನೋಡಿ. ಚಿಗುರಿದ್ದರೆ ಒಮ್ಮೆ ನೇಗಿಲು ಅಥವಾ ಕುಂಟೆ ಹೊಡೆಸಿ, ಚಿಗುರು ಸಂಪೂರ್ಣ ಒಣಗಿದ ಮೇಲೆ ಬಿಡಿ.

ಎಳೆ ಜೋಳವನ್ನು ಮೇವಾಗಿ ಬಳಸಲೇಬೇಕಾದ ಪ್ರಸಂಗ ಬಂದರೆ ಕೊಯ್ದು ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ. ಪೂರ್ತಿ ಒಣಗಿದಾಗ ಸಯನೈಡ್ ಬಹುಪಾಲು ಹಾರಿಹೋಗುತ್ತದೆ. ಅರ್ಧ ಬಾಡಿದ ಮೇವು ಹಾಕಬೇಡಿ, ಅದು ಹಸಿಯದರಷ್ಟೇ ಕೆಟ್ಟದ್ದು. ಬಾಡಿದಾಗ ಎಲೆಯೊಳಗೆ ವಿಷ ಬಿಡುಗಡೆಯಾಗುತ್ತಿರುತ್ತದೆ, ಹೊರಗೆ ಹೋಗಿರುವುದಿಲ್ಲ. ಗಾಳಿಯಾಡದಂತೆ ಮುಚ್ಚಿ ಹುದುಗಿಸಿ ರಸಮೇವು (ಸೈಲೇಜ್) ಮಾಡಿ ಒಂದು ತಿಂಗಳ ಮೇಲೆ ತೆಗೆದರೆ ಇನ್ನೂ ಒಳ್ಳೆಯದು.

ಎಳ್ಳಮಾಸಿ ದಿನ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ ಎತ್ತುಗಳನ್ನು ಬಿಚ್ಚಿ ಬದುವಿನ ಮೇಲೆ ಬಿಡುವ ರೂಢಿ ಇದೆ. ಆ ಹೊತ್ತಿಗೆ ಹಿಂಗಾರಿ ಜೋಳ ಬಲಿತಿರುತ್ತದೆ ನಿಜ, ಆದರೆ ತಡವಾಗಿ ಬಿತ್ತಿದ ಹೊಲವೂ ಬುಡದ ಮರಿ ಕವಲುಗಳೂ ಪಕ್ಕದಲ್ಲೇ ಇರುತ್ತವೆ. ಎತ್ತನ್ನು ಗೂಟಕ್ಕೆ ಕಟ್ಟಿ, ಮನೆಯಿಂದ ತಂದ ಕಣಿಕೆ ಹಾಕಿ. ಪ್ರೀತಿಯಿಂದ ಕಡಬು, ರೊಟ್ಟಿ, ಅನ್ನವನ್ನು ಬುಟ್ಟಿಗಟ್ಟಲೆ ತಿನ್ನಿಸುವುದೂ ಬೇಡ. ಹೊಟ್ಟೆಯಲ್ಲಿ ಹುಳಿಯೇರಿ ಎತ್ತು ಮಲಗುತ್ತದೆ. ಒಂದು ತುತ್ತು ಪೂಜೆಗೆ ಸಾಕು.

ಸಜ್ಜೆ, ಮೆಕ್ಕೆಜೋಳ, ರಾಜಗಿರಿಯಲ್ಲಿ ನೈಟ್ರೇಟ್

ನೈಟ್ರೇಟ್ ಇನ್ನೊಂದು ಬಗೆಯ ವಿಷ. ಇದು ಜೋಳದಲ್ಲೂ ಬರುತ್ತದೆ, ಸಯನೈಡ್ ಜೊತೆಗೇ ಬರಬಹುದು. ಯೂರಿಯಾ ಹೆಚ್ಚು ಹಾಕಿದ, ಮಳೆ ಇಲ್ಲದೆ ಬಾಡಿದ, ಮೋಡ ಕವಿದು ವಾರಗಟ್ಟಲೆ ಬಿಸಿಲು ಕಾಣದ ಬೆಳೆಯಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ. ತಿಪ್ಪೆ ಪಕ್ಕದಲ್ಲಿ ಸೊಂಪಾಗಿ ಬೆಳೆದ ರಾಜಗಿರಿಯಲ್ಲೂ ಇರುತ್ತದೆ. ಒಣಗಿಸಿದರೆ ಸಯನೈಡ್ ಹೋಗುವಂತೆ ನೈಟ್ರೇಟ್ ಹೋಗುವುದಿಲ್ಲ, ಒಣ ಮೇವಿನಲ್ಲಿ ಹಾಗೇ ಉಳಿಯುತ್ತದೆ. ಈ ವ್ಯತ್ಯಾಸ ನೆನಪಿಡಿ. ದಂಟಿನ ಬುಡದಲ್ಲಿ ಅದು ಹೆಚ್ಚು, ಆದ್ದರಿಂದ ಒಂದು ಗೇಣು ಮೇಲೆ ಕೊಯ್ಯಿರಿ, ಬೇರೆ ಒಣ ಮೇವಿನ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ.

ಉಳಿದ ಗಿಡ-ಮರಗಳು

ಕಣಗಿಲೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ವಿಷ ಹೃದಯಕ್ಕೇ ಹೋಗುತ್ತದೆ ಮತ್ತು ಒಂದು ಹಿಡಿ ಎಲೆ ದೊಡ್ಡ ದನಕ್ಕೂ ಸಾಕು. ಕೆಂಪು, ಬಿಳಿ ಹೂವಿನದೂ ಹಳದಿ ಹೂವಿನದೂ ಎರಡೂ ವಿಷವೇ. ಗುಡಿಗಳ ಸುತ್ತ, ಶಾಲೆಗಳ ಕಂಪೌಂಡಿನಲ್ಲಿ, ಹೆದ್ದಾರಿಯ ಡಿವೈಡರ್‌ಗಳಲ್ಲಿ ಇದನ್ನು ನೆಡುವುದೇ ದನ ಮುಟ್ಟುವುದಿಲ್ಲ ಎಂಬ ಕಾರಣಕ್ಕೆ. ನಿಂತ ಗಿಡವನ್ನು ದನ ಮುಟ್ಟುವುದಿಲ್ಲ, ಸರಿ. ಕತ್ತರಿಸಿ ರಸ್ತೆ ಬದಿಗೆ ಎಸೆದ ಟೊಂಗೆ ಬಾಡಿದಾಗ ಕಹಿ ಕಡಿಮೆಯಾಗಿ ದನ ತಿನ್ನುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ಗಿಡ ಸವರುವ ಕೂಲಿಯವರನ್ನು ಕಂಡರೆ ಟೊಂಗೆಗಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಲು ಹೇಳಿ. ಹೂವಿನ ಹಾರದ ಕಸವನ್ನು ಗುಡಿಯ ಹಿಂದೆ ಚೆಲ್ಲುವವರಿಗೂ ತಿಳಿಸಿ. ಒಣ ಕಡ್ಡಿಯನ್ನು ಒಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು.

ಔಡಲ ನಮ್ಮ ಹೊಲಗಳ ಬದುವಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ಬೀಜದಲ್ಲಿ ರೈಸಿನ್, ಎಲೆಯಲ್ಲಿ ರಿಸಿನೈನ್. ಎಲೆ ಹೆಚ್ಚು ತಿಂದ ಕುರಿ, ಆಡು ನಡುಗುತ್ತವೆ, ಕಾಲು ಸೋಲುತ್ತವೆ. ಬೀಜ ತಿಂದರೆ ಕೆಲವು ತಾಸು ಅಥವಾ ಒಂದೆರಡು ದಿನದ ಮೇಲೆ ಹೊಟ್ಟೆನೋವು, ರಕ್ತಭೇದಿ ಶುರುವಾಗುತ್ತದೆ. ಗೊಬ್ಬರಕ್ಕೆಂದು ತಂದ ಔಡಲ ಹಿಂಡಿಯ ಚೀಲವನ್ನು ಕೊಟ್ಟಿಗೆಯಲ್ಲಿ ಇಡಲೇಬೇಡಿ. ಶೇಂಗಾ ಹಿಂಡಿ ಎಂದುಕೊಂಡು ಮನೆಯ ಇನ್ನೊಬ್ಬರು ದನಕ್ಕೆ ಹಾಕುವ ಸಂಭವ ಇದೆ. ಬೇಲಿಗೆ ಹಚ್ಚಿದ ಜಟ್ರೋಫಾದ ಬೀಜವೂ ಇದೇ ಜಾತಿಯ ಅನಾಹುತ ಮಾಡುತ್ತದೆ.

ಲಂಟಾನ ಬೀದರ್ ಕಡೆಯ ಕೆಂಪು ಕಲ್ಲಿನ ದಿಣ್ಣೆಗಳಲ್ಲೂ ಚಿಂಚೋಳಿ ಕಾಡಿನ ಅಂಚಿನಲ್ಲೂ ಕಾಣುವ ಪೊದೆ. ಇದರ ವಿಷ ಯಕೃತ್ತಿಗೆ ಹೋಗುತ್ತದೆ. ಕೂಡಲೇ ಗೊತ್ತಾಗುವುದಿಲ್ಲ. ಒಂದೆರಡು ದಿನದಲ್ಲಿ ದನ ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣಿನ ಬಿಳಿ ಹಳದಿಯಾಗುತ್ತದೆ. ಆಮೇಲೆ ಬಿಸಿಲು ತಾಳದು. ಮೂತಿ, ಕಿವಿ, ಕೆಚ್ಚಲು, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಬಿಳಿ ಮಚ್ಚೆಯ ಜಾಗ ಸುಟ್ಟಂತೆ ಸುಲಿಯುತ್ತದೆ. ಚರ್ಮರೋಗ ಎಂದು ಎಣ್ಣೆ ಹಚ್ಚಿ ಬಿಸಿಲಿಗೆ ಕಟ್ಟಿದರೆ ದನ ಕೈಬಿಟ್ಟು ಹೋಗುತ್ತದೆ. ನೆರಳಿಗೆ, ಸಾಧ್ಯವಾದರೆ ಕತ್ತಲೆ ಕೊಟ್ಟಿಗೆಗೆ ಸೇರಿಸಿ ಡಾಕ್ಟರಿಗೆ ತೋರಿಸಿ.

ಕೆರೆ, ಹಳ್ಳದ ಅಂಚಿನಲ್ಲಿ ತಿಳಿ ನೇರಳೆ ಬಣ್ಣದ ಗಂಟೆಯಂಥ ಹೂ ಬಿಡುವ ಬೇಶರಮ್ ಗಿಡ ವರ್ಷವಿಡೀ ಹಸಿರು. ಬೇಸಿಗೆಯಲ್ಲಿ ಆಡುಗಳು ಇದಕ್ಕೆ ಬಾಯಿ ಹಾಕುತ್ತವೆ, ಒಮ್ಮೆ ರುಚಿ ಹತ್ತಿತೆಂದರೆ ಹುಡುಕಿಕೊಂಡು ಹೋಗಿ ತಿನ್ನುತ್ತವೆ. ವಾರಗಟ್ಟಲೆ ತಿಂದ ಮೇಲೆ ತಲೆ ನಡುಗುತ್ತದೆ, ನಡಿಗೆ ತಪ್ಪುತ್ತದೆ, ಮೈ ಕರಗುತ್ತದೆ. ಅಷ್ಟರಲ್ಲಿ ನರಗಳಿಗೆ ಆದ ಹಾನಿ ಮರಳಿ ಸರಿಯಾಗುವುದು ಕಷ್ಟ. ಮೊದಲ ದಿನ ಬಾಯಿ ಹಾಕಿದ್ದು ಕಂಡಾಗಲೇ ಹಿಂಡನ್ನು ಬೇರೆ ಕಡೆ ಹೊಡೆಯಿರಿ.

ಬಳ್ಳಾರಿ ಜಾಲಿಯ ಕಾಯಿ ಸಿಹಿ, ಹಣ್ಣಾಗಿ ಬಿದ್ದಾಗ ದನಕ್ಕೆ ಬಲು ಇಷ್ಟ. ಸ್ವಲ್ಪ ತಿಂದರೆ ಕೆಡುಕಿಲ್ಲ, ಮೇವೇ. ಅದೊಂದನ್ನೇ ತಿಂಗಳುಗಟ್ಟಲೆ ತಿಂದ ದನದ ದವಡೆ, ನಾಲಿಗೆಯ ನರ ಸೋತು ಜಗಿಯಲಾಗದೆ ಬಾಯಿಯಿಂದ ಮೇವು ಬೀಳುತ್ತದೆ. ಒಮ್ಮೆಗೇ ರಾಶಿ ತಿಂದರೆ ಹೊಟ್ಟೆ ಕಟ್ಟುತ್ತದೆ. ಸುಬಾಬುಲ್ ಸೊಪ್ಪಿಗೂ ಮಿತಿ ಇದೆ: ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಬಾರದು, ದಾಟಿದರೆ ಕೂದಲು ಉದುರುತ್ತದೆ. ಬಿಳಿಜಾಲಿಯ ಎಲೆ, ಕಾಯಿಯಲ್ಲಿ ಸಯನೈಡ್ ಇದೆ, ಹಸಿದ ಆಡುಗಳಿಗೆ ಕಡಿದು ರಾಶಿ ಹಾಕಬೇಡಿ. ಉಮ್ಮತ್ತಿ ಹಸಿಯಾಗಿದ್ದಾಗ ದನ ತಿನ್ನದಿದ್ದರೂ ಸೋಯಾ, ಮೆಕ್ಕೆಜೋಳದ ಹೊಲದಲ್ಲಿ ಕಳೆಯಾಗಿ ಬೆಳೆದು ಮೇವಿನ ಜೊತೆ ಕೊಯ್ಲಾಗಿ ಬರುತ್ತದೆ. ಕಣ್ಣಿನ ಪಾಪೆ ಅಗಲವಾಗಿ, ಬಾಯಿ ಒಣಗಿ, ಹೊಟ್ಟೆ ಸ್ತಬ್ಧವಾದರೆ ಅದನ್ನು ಸಂಶಯಿಸಿ. ಗುಲಗಂಜಿ ಬೀಜ ಇಡಿಯಾಗಿ ನುಂಗಿದರೆ ಹಾಗೇ ಹೊರಬರಬಹುದು, ಜಗಿದು ಒಡೆದರೆ ಜೀವಕ್ಕೆ ಅಪಾಯ. ಕಾಂಗ್ರೆಸ್ ಕಸ ತಿಂದ ಆಕಳ ಹಾಲು ಕಹಿಯಾಗುತ್ತದೆ, ಹೆಚ್ಚು ತಿಂದರೆ ಬಾಯಿಹುಣ್ಣು, ಮೈತುರಿಕೆ.

ಇಷ್ಟೆಲ್ಲ ಓದಿ ಎಲ್ಲ ಗಿಡಕ್ಕೂ ಹೆದರಬೇಕಾಗಿಲ್ಲ. ಬೇವು, ಬನ್ನಿ, ಕರಿಜಾಲಿಯ ಕಾಯಿ, ತೊಗರಿಯ ಹೊಟ್ಟು ನಮ್ಮ ಸೀಮೆಯ ಒಳ್ಳೆಯ ಮೇವುಗಳು. ಗಾಯರಾಣದಲ್ಲಿ ಪಂಚಾಯ್ತಿಯವರು ಸಸಿ ನೆಡುವಾಗ ಈ ಮರಗಳನ್ನೇ ಕೇಳಿ ಹಾಕಿಸಿಕೊಳ್ಳಿ.

ಔಷಧ ಹೊಡೆದ ಹೊಲವೂ ವಿಷದ ಹೊಲವೇ. ತೊಗರಿಗೆ ಹೂ-ಕಾಯಿ ಹೊತ್ತಿನಲ್ಲಿ, ಶಹಾಪುರ, ಸುರಪುರ ಕಡೆ ಹತ್ತಿಗೆ ಸಿಂಪಡಿಸುವಾಗ ಬದುವಿನ ಹುಲ್ಲಿಗೂ ಔಷಧ ಬೀಳುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ದಿನ ಆ ಬದುವಿಗೆ ದನ ಬಿಡಬೇಡಿ. ಪಕ್ಕದ ಹೊಲದವರಿಗೆ ಹೇಳಿ ಹೊಡೆಯಿರಿ, ಅವರಿಂದಲೂ ಅದನ್ನೇ ಕೇಳಿ.

ದನ ಬಿದ್ದಾಗ

ಮೊದಲು ಉಳಿದ ದನಗಳನ್ನು ಆ ಜಾಗದಿಂದ ಮೆಲ್ಲಗೆ ಹೊರಗೆ ತನ್ನಿ. ಬಡಿದು ಓಡಿಸಬೇಡಿ. ಸಯನೈಡ್ ಆಗಲಿ ಕಣಗಿಲೆ ಆಗಲಿ, ಓಡಿದ ದನ ಬೇಗ ಬೀಳುತ್ತದೆ. ಬಿದ್ದ ದನದ ಬಾಯಲ್ಲಿ ಮೇವಿದ್ದರೆ ತೆಗೆಯಿರಿ, ಪಕ್ಕಕ್ಕೆ ಉರುಳದಂತೆ ಎದೆಯ ಮೇಲೆ ಕೂರಿಸಿ, ಮೂಟೆ ಒತ್ತು ಕೊಡಿ, ನೆರಳು ಮಾಡಿ.

ಅದೇ ಹೊತ್ತಿಗೆ ಇನ್ನೊಬ್ಬರು ಊರಿನ ಪಶು ಡಾಕ್ಟರಿಗೂ 1962ಕ್ಕೂ ಫೋನ್ ಮಾಡಲಿ. 1962 ಪಶು ಸಂಜೀವಿನಿಯ ಉಚಿತ ಸಹಾಯವಾಣಿ. ಎಲ್ಲಿ ಮೇಯುತ್ತಿತ್ತು, ಏನು ತಿಂದಿತು, ಎಷ್ಟು ಹೊತ್ತಾಯಿತು, ಎಷ್ಟು ದನಕ್ಕೆ ಆಗಿದೆ, ಒಸಡಿನ ಬಣ್ಣ ಏನು, ಈ ಐದು ಮಾತು ಫೋನಿನಲ್ಲೇ ಹೇಳಿ. ಡಾಕ್ಟರು ಯಾವ ಔಷಧ ತರಬೇಕೆಂದು ಅದರಿಂದಲೇ ಗೊತ್ತಾಗುತ್ತದೆ. ಒಸಡು, ರಕ್ತ ಢಾಳಾಗಿ ಕೆಂಪಿದ್ದು, ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ, ತಿಂದ ಕಾಲು ತಾಸಿನಲ್ಲೇ ತೂರಾಡಿ ಬಿದ್ದರೆ ಸಯನೈಡ್. ರಕ್ತ ಕಂದು, ಚಾಕೊಲೇಟ್ ಬಣ್ಣವಾಗಿದ್ದರೆ ನೈಟ್ರೇಟ್. ಜೊಲ್ಲು, ಕಣ್ಣೀರು, ಮೈನಡುಕದ ಜೊತೆ ಕಣ್ಣಿನ ಪಾಪೆ ಚುಕ್ಕಿಯಷ್ಟು ಚಿಕ್ಕದಾಗಿದ್ದರೆ ಕೀಟನಾಶಕ. ಮೂರಕ್ಕೂ ಮದ್ದು ಬೇರೆ ಬೇರೆ: ಸಯನೈಡ್‌ಗೆ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್, ನೈಟ್ರೇಟ್‌ಗೆ ಮಿಥಿಲೀನ್ ಬ್ಲೂ, ಕೀಟನಾಶಕಕ್ಕೆ ಸಾಮಾನ್ಯವಾಗಿ ಅಟ್ರೋಪಿನ್. ಎಲ್ಲವೂ ಸೂಜಿಯ ಮದ್ದುಗಳು, ಡಾಕ್ಟರೇ ಕೊಡಬೇಕು. ತಪ್ಪು ಮದ್ದು ಕೊಟ್ಟರೆ ಅದೇ ವಿಷ. ಸರಿಯಾದ ಮದ್ದು ಹೊತ್ತಿಗೆ ಸಿಕ್ಕರೆ ಸಯನೈಡ್ ಏರಿ ಬಿದ್ದ ಎತ್ತು ಕಣ್ಣೆದುರೇ ಎದ್ದು ನಿಲ್ಲುವುದುಂಟು.

ಗೊಟ್ಟದ, ಅಂದರೆ ಕೊಳವೆಯಿಂದ ದನದ ಬಾಯಿಗೆ ಔಷಧ ಹೊಯ್ಯುವ ವಿಷಯದಲ್ಲಿ ಕೈ ಮುಗಿದು ಹೇಳುತ್ತೇನೆ. ಬಿದ್ದ ದನಕ್ಕೆ, ಏದುಸಿರು ಬಿಡುವ ದನಕ್ಕೆ, ನುಂಗಲಾಗದ ದನಕ್ಕೆ ಗೊಟ್ಟ ಹಾಕಬೇಡಿ. ಬೆಲ್ಲದ ನೀರು, ಎಣ್ಣೆ, ಮಜ್ಜಿಗೆ, ಹುಣಸೆ ರಸ ಯಾವುದೇ ಇರಲಿ, ಪುಪ್ಪುಸಕ್ಕೆ ಹೋದರೆ ವಿಷದಿಂದ ಉಳಿಯಬಹುದಾಗಿದ್ದ ದನ ಅದರಿಂದ ಸಾಯುತ್ತದೆ. ನಿಂತಿದ್ದು, ನೀರು ತಾನೇ ಕುಡಿಯುವ ದನಕ್ಕೆ ಬೆಲ್ಲದ ನೀರು ಇಟ್ಟರೆ ತೊಂದರೆ ಇಲ್ಲ, ಆದರೆ ಅದನ್ನು ನಂಬಿ ಡಾಕ್ಟರಿಗೆ ತಡ ಮಾಡಬೇಡಿ. ಹೊಟ್ಟೆ ಉಬ್ಬಿತೆಂದು ಚೂರಿ ಹಾಕುವುದೂ, ಕಿವಿ ಕೊಯ್ಯುವುದೂ, ಬರೆ ಎಳೆಯುವುದೂ ಬೇಡ. ಕಣಗಿಲೆ, ಲಂಟಾನದಂಥ ವಿಷಕ್ಕೆ ಡಾಕ್ಟರು ಇದ್ದಿಲ ಪುಡಿಯ ಔಷಧ ಕೊಡುತ್ತಾರೆ. ಒಲೆಯ ಇದ್ದಿಲು ಅದಕ್ಕೆ ಬದಲಾಗುವುದಿಲ್ಲ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದಲ್ಲಿದೆ, ಲಂಟಾನದಂಥ ನಿಧಾನದ ವಿಷಕ್ಕೆ ದನವನ್ನು ಅಲ್ಲಿಗೆ ಒಯ್ಯಬಹುದು. ಸಯನೈಡ್‌ಗೆ ಅಷ್ಟು ಹೊತ್ತಿರುವುದಿಲ್ಲ.

ತಿಂದಿದ್ದ ಗಿಡದ ಒಂದು ಟೊಂಗೆಯನ್ನು ಎಲೆ-ಹೂ-ಕಾಯಿ ಸಮೇತ ಚೀಲಕ್ಕೆ ಹಾಕಿಡಿ. ಎಳೆ ಜೋಳವಾದರೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತಂಪಿನಲ್ಲಿಡಿ, ಇಲ್ಲದಿದ್ದರೆ ಪರೀಕ್ಷೆಗೆ ಹೋಗುವಷ್ಟರಲ್ಲಿ ಸಯನೈಡ್ ಹಾರಿಹೋಗಿರುತ್ತದೆ.

ದನ ಸತ್ತರೆ, ಉಳಿದರೆ

ಸತ್ತ ದನವನ್ನು ನೀವೇ ಕೊಯ್ಯಬೇಡಿ. ಹಠಾತ್ತನೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಮನುಷ್ಯರಿಗೂ ಹತ್ತುತ್ತದೆ. ಡಾಕ್ಟರು ನೋಡುವವರೆಗೆ ಮುಟ್ಟದೆ, ನಾಯಿಗಳು ಬರದಂತೆ ಕಾಯಿರಿ. ವಿಷದಿಂದ ಸತ್ತ ಪ್ರಾಣಿಯ ಮಾಂಸ ಉಣ್ಣುವುದು, ಮಾರುವುದು ಎರಡೂ ತಪ್ಪು. ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಕುರಿ, ಆಡು ಸತ್ತಾಗ ಅನುಗ್ರಹ ಯೋಜನೆಯ ಪರಿಹಾರಕ್ಕಾಗಲಿ, ವಿಮೆ ಮಾಡಿಸಿದ ದನದ ಹಣಕ್ಕಾಗಲಿ ಡಾಕ್ಟರ ಮರಣೋತ್ತರ ವರದಿ ಬೇಕು. ಹೂಳುವ ಮುಂಚೆಯೇ ಅವರಿಗೆ ತಿಳಿಸಿ, ಕಿವಿಯ ಓಲೆ ಕಾಣುವಂತೆ ಫೋಟೋ ತೆಗೆದಿಡಿ.

ಉಳಿದ ದನಕ್ಕೆ ಮೂರು ನಾಲ್ಕು ದಿನ ಮೆತ್ತಗಿನ ಒಣ ಮೇವು, ಬೇಕಾದಷ್ಟು ನೀರು, ಪೂರ್ತಿ ವಿಶ್ರಾಂತಿ ಕೊಡಿ. ಎತ್ತನ್ನು ಗಳೆಗೆ ಹೂಡಬೇಡಿ. ಹಾಲು ಕರೆಯುವ ಆಕಳು, ಎಮ್ಮೆಯಾದರೆ ಡಾಕ್ಟರು ಹೇಳುವವರೆಗೆ ಹಾಲನ್ನು ಮನೆಗೂ ಡೇರಿಗೂ ಬಳಸದೆ ಚೆಲ್ಲಿ, ಕರುವಿಗೂ ಕುಡಿಸಬೇಡಿ.

ಗಿಡ ತೆಗೆಯುವ ಕೆಲಸಕ್ಕೆ ಕೈ ಹಾಕುವುದಾದರೆ ದನ ಹೆಚ್ಚು ಓಡಾಡುವ ದಾರಿ, ನೀರಿನ ಜಾಗಗಳಿಂದ ಶುರು ಮಾಡಿ. ಬೇಶರಮ್ ಗಿಡವನ್ನು ಬೇರುಸಮೇತ ಕಿತ್ತು ದಿಣ್ಣೆಯ ಮೇಲೆ ಒಣಗಿಸಿ, ಕಡಿದ ತುಂಡು ಹಸಿ ನೆಲಕ್ಕೆ ಬಿದ್ದರೆ ಮತ್ತೆ ಬೇರು ಬಿಡುತ್ತದೆ. ಲಂಟಾನದ ಬುಡವನ್ನು ನೆಲದೊಳಗಿನಿಂದಲೇ ಕಡಿಯಬೇಕು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ, ಮಳೆಯಿಂದ ನೆಲ ಮೆತ್ತಗಿದ್ದಾಗ, ಕೈಗೆ ಚೀಲ ಕಟ್ಟಿಕೊಂಡು ಕೀಳಿ. ಕಳೆನಾಶಕ ಹೊಡೆದರೆ ಗಿಡ ಬಾಡುವಾಗ ದನಕ್ಕೆ ರುಚಿ ಹೆಚ್ಚುತ್ತದೆ, ಆದ್ದರಿಂದ ಪೂರ್ತಿ ಒಣಗಿ ಉದುರುವವರೆಗೆ ಆ ಕಡೆ ದನ ಬಿಡಬೇಡಿ. ಕಿತ್ತ ಗಿಡಗಳ ರಾಶಿಯ ಸುತ್ತ ಜಾಲಿ ಮುಳ್ಳು ಹಚ್ಚಿ.